ರಕ್ತದ ಕೆಂಪನ್ನು ಕಾಯುವ ಕಿಣ್ವ: ಸೈಟೋಕ್ರೋಮ್ ಬಿ5 ರಿಡಕ್ಟೇಸ್

ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಆಕ್ಸಿಡೊರಿಡಕ್ಟೇಸ್ ವರ್ಗಕ್ಕೆ ಸೇರಿದ ಕಿಣ್ವ. ಎನ್‌ಎಡಿಎಚ್ ಎಂಬ ಸಹಕಿಣ್ವದಿಂದ ಎಲೆಕ್ಟ್ರಾನ್‌ಗಳನ್ನು ಪಡೆದು, ಹೀಮ್ ಹೊಂದಿರುವ ಸೈಟೋಕ್ರೋಮ್ ಬಿ5 ಎಂಬ ಪ್ರೋಟೀನಿಗೆ ಒಪ್ಪಿಸುವುದು ಇದರ ಕೆಲಸ. ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಈ ವರ್ಗಾವಣೆಯಿಂದಲೇ.

ಕಾರ್ಯವಿಧಾನ

ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವು ಫೆರಸ್ ಸ್ಥಿತಿಯಲ್ಲಿದ್ದಾಗ ಮಾತ್ರ ಆಮ್ಲಜನಕವನ್ನು ಸಾಗಿಸಬಲ್ಲದು. ಪ್ರತಿದಿನವೂ ಅದರ ಅಲ್ಪ ಭಾಗವು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಸ್ಥಿತಿಗೆ ತಿರುಗುತ್ತದೆ. ಹೀಗೆ ನಿರುಪಯುಕ್ತವಾದ ಹಿಮೋಗ್ಲೋಬಿನ್ನೇ ಮೆಥೆಮೊಗ್ಲೋಬಿನ್. ಕಿಣ್ವದಿಂದ ಎಲೆಕ್ಟ್ರಾನ್ ಪಡೆದ ಸೈಟೋಕ್ರೋಮ್ ಬಿ5 ಅದನ್ನು ಈ ಮೆಥೆಮೊಗ್ಲೋಬಿನ್‌ಗೆ ನೀಡಿ ಮತ್ತೆ ಬಳಕೆಗೆ ತರುತ್ತದೆ. ಆದ್ದರಿಂದ ಆರೋಗ್ಯವಂತರ ರಕ್ತದಲ್ಲಿ ಮೆಥೆಮೊಗ್ಲೋಬಿನ್ ಪ್ರಮಾಣ ಶೇ. 1ರ ಆಸುಪಾಸಿನಲ್ಲಿಯೇ ಇರುತ್ತದೆ.

ಕೊರತೆಯ ಪರಿಣಾಮ

ಈ ಕಿಣ್ವದ ವಂಶವಾಹಿ 22ನೇ ವರ್ಣತಂತುವಿನಲ್ಲಿದೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದರೆ ಮಗುವಿನಲ್ಲಿ ಕೊರತೆ ಕಾಣಿಸಿಕೊಳ್ಳುತ್ತದೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿ, ಚರ್ಮ ನೀಲಿಗಟ್ಟುತ್ತದೆ. ದೋಷವು ಕೆಂಪು ರಕ್ತಕಣಗಳಿಗೆ ಸೀಮಿತವಾಗಿದ್ದರೆ ಬದುಕು ಬಹುತೇಕ ಸಹಜವಾಗಿರುತ್ತದೆ. ಎಲ್ಲ ಜೀವಕೋಶಗಳಿಗೂ ವ್ಯಾಪಿಸಿದ್ದರೆ ಮಿದುಳಿನ ಬೆಳವಣಿಗೆ ತೀವ್ರವಾಗಿ ಕುಂಠಿತಗೊಳ್ಳುತ್ತದೆ.

ಕಿಣ್ವದ ಕೊರತೆಯೇ ಈ ಕಾಯಿಲೆಗೆ ಕಾರಣವೆಂದು 1948ರಲ್ಲಿ ಕ್ವೆಂಟಿನ್ ಗಿಬ್ಸನ್ ತೋರಿಸಿದರು. ಅಮೆರಿಕದ ಕೆಂಟಕಿಯ ಗುಡ್ಡಗಾಡಿನಲ್ಲಿ ತಲೆಮಾರುಗಳಿಂದ ನೀಲಿ ಮೈಬಣ್ಣ ಹೊಂದಿದ್ದ ಫ್ಯೂಗೇಟ್ ಕುಟುಂಬಕ್ಕೆ 1960ರ ದಶಕದಲ್ಲಿ ವೈದ್ಯ ಮ್ಯಾಡಿಸನ್ ಕಾವೈನ್ ಚಿಕಿತ್ಸೆ ನೀಡಿದರು. ಅವರು ಬಳಸಿದ ಔಷಧ ಮೆಥಿಲೀನ್ ಬ್ಲೂ. ನೀಲಿಯನ್ನು ನೀಗಿಸಿದ್ದು ನೀಲಿ ಬಣ್ಣವೇ ಎಂಬುದು ವಿಶೇಷ. ಬೇರೊಂದು ಕಿಣ್ವದ ಮಾರ್ಗದಿಂದ ಎಲೆಕ್ಟ್ರಾನ್ ಒದಗಿಸುವ ಈ ಔಷಧ ಇಂದಿಗೂ ಬಳಕೆಯಲ್ಲಿದೆ. ಆದರೆ ಜಿ6ಪಿಡಿ ಕೊರತೆ ಇರುವವರಿಗೆ ಇದು ಅಪಾಯಕಾರಿ.

ಶಿಶುಗಳು ಮತ್ತು ಬಾವಿ ನೀರು

ವಂಶವಾಹಿಯಲ್ಲಿ ದೋಷವಿಲ್ಲದಿದ್ದರೂ ಹುಟ್ಟಿದ ಮೊದಲ ಕೆಲವು ತಿಂಗಳು ಶಿಶುಗಳಲ್ಲಿ ಈ ಕಿಣ್ವದ ಚಟುವಟಿಕೆ ಕಡಿಮೆ. ನೀರಿನಲ್ಲಿರುವ ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ ಮಾರ್ಪಟ್ಟು ಮೆಥೆಮೊಗ್ಲೋಬಿನ್ ಹೆಚ್ಚಿಸಿದಾಗ ಅದನ್ನು ಸರಿಪಡಿಸುವ ಸಾಮರ್ಥ್ಯ ಅವುಗಳಿಗಿರುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಬಾವಿ ನೀರು ಬೆರೆಸಿದ ಆಹಾರ ಸೇವಿಸಿ ನೀಲಿಗಟ್ಟಿದ ಶಿಶುಗಳ ಬಗ್ಗೆ 1945ರಲ್ಲಿಯೇ ವೈದ್ಯ ಹಂಟರ್ ಕಾಮ್ಲಿ ವರದಿ ಮಾಡಿದ್ದರು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕರ್ನಾಟಕದ ಹಲವು ಜಿಲ್ಲೆಗಳ ಅಂತರ್ಜಲದಲ್ಲಿ ಈ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ದಾಖಲಿಸಿವೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ನಾಶವಾಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಹೀಗಾಗಿ ಬಾವಿ ಅಥವಾ ಕೊಳವೆಬಾವಿಯ ನೀರಿನಲ್ಲಿ ಶಿಶು ಆಹಾರ ಕಲಸುವ ಮುನ್ನ ಆ ನೀರನ್ನು ಪರೀಕ್ಷೆ ಮಾಡಿಸುವುದು ಅಗತ್ಯ.