ಸ್ಲೈಡ್‌ಗಳ ಡಿಜಿಟಲೀಕರಣ

ಸ್ಲೈಡ್‌ಗಳ ಡಿಜಿಟಲೀಕರಣ ಎಂದರೆ ರಿವರ್ಸಲ್ ಫಿಲ್ಮ್‌ನಲ್ಲಿ ತೆಗೆದ ಪಾರದರ್ಶಕ ಛಾಯಾಚಿತ್ರಗಳನ್ನು ಸ್ಕ್ಯಾನರ್ ಅಥವಾ ಡಿಜಿಟಲ್ ಕ್ಯಾಮೆರಾದ ನೆರವಿನಿಂದ ಕಂಪ್ಯೂಟರ್ ಕಡತಗಳಾಗಿ ಪರಿವರ್ತಿಸುವ ಕ್ರಿಯೆ. ಸ್ಲೈಡ್‌ನಲ್ಲಿ ಬಣ್ಣಗಳು ನೆಗೆಟಿವ್‌ನಂತೆ ತಿರುವುಮುರುವಾಗಿರದೆ ನೇರವಾಗಿ ಮೂಡಿರುತ್ತವೆ. ಕ್ಯಾಮೆರಾದೊಳಗಿದ್ದ ಫಿಲ್ಮೇ ಇಲ್ಲಿ ಅಂತಿಮ ಚಿತ್ರ. ಹೀಗಾಗಿ ಕುಟುಂಬಗಳ ಪ್ರವಾಸದ ಪೆಟ್ಟಿಗೆಗಳಲ್ಲಿ ಉಳಿದಿರುವ ಬಹುತೇಕ ಸ್ಲೈಡ್‌ಗಳಿಗೆ ಎರಡನೆಯ ಪ್ರತಿಯೇ ಇರುವುದಿಲ್ಲ; ಒಂದು ಹಾಳಾದರೆ ಆ ಚಿತ್ರ ಅಲ್ಲಿಗೆ ಮುಗಿಯಿತು.

ಹಿನ್ನೆಲೆ

ಲಿಯೊಪೋಲ್ಡ್ ಮ್ಯಾನ್ಸ್ ಮತ್ತು ಲಿಯೊಪೋಲ್ಡ್ ಗೊಡಾವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು ರೂಪಿಸಿದ ಕೊಡಾಕ್ರೋಮ್ ಫಿಲ್ಮನ್ನು ಕೊಡಾಕ್ ಸಂಸ್ಥೆಯು 1935ರಲ್ಲಿ ಚಲನಚಿತ್ರಕ್ಕಾಗಿಯೂ 1936ರಲ್ಲಿ 35 ಮಿ.ಮೀ. ಸ್ಥಿರಚಿತ್ರಕ್ಕಾಗಿಯೂ ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕುಟುಂಬಗಳಲ್ಲಿ ರಜೆಯ ಪ್ರವಾಸವನ್ನು ಸ್ಲೈಡ್‌ಗಳಲ್ಲಿ ಸೆರೆಹಿಡಿದು, ಕೋಣೆಯ ದೀಪ ಆರಿಸಿ, ನೆಂಟರಿಷ್ಟರಿಗೆ ಪರದೆಯ ಮೇಲೆ ತೋರಿಸುವುದು ರೂಢಿಯಾಯಿತು. ಯೂಟಾ ರಾಜ್ಯದ ಒಂದು ಉದ್ಯಾನವನಕ್ಕೆ ಕೊಡಾಕ್ರೋಮ್ ಬೇಸಿನ್ ಎಂದೇ ಹೆಸರಿದೆ. ಈ ಫಿಲ್ಮ್‌ನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಕಾನ್ಸಾಸ್‌ನ ಪಾರ್ಸನ್ಸ್ ಪಟ್ಟಣದ ಕೊನೆಯ ಪ್ರಯೋಗಾಲಯವು 2010ರ ಡಿಸೆಂಬರ್ ಅಂತ್ಯದ ಬಳಿಕ ಹೊಸ ಸುರುಳಿಗಳನ್ನು ಸ್ವೀಕರಿಸಲಿಲ್ಲ.

ಬಣ್ಣಗಳ ಮಾಸುವಿಕೆ

ಹಳೆಯದು ಮೊದಲು ಹಾಳಾಗುತ್ತದೆ ಎಂಬ ಎಣಿಕೆ ಸ್ಲೈಡ್‌ಗಳ ವಿಷಯದಲ್ಲಿ ತಪ್ಪಬಹುದು. ಕತ್ತಲೆಯಲ್ಲಿಟ್ಟ ಕೊಡಾಕ್ರೋಮ್ ದಶಕಗಳ ಕಾಲ ಬಣ್ಣ ಕಳೆದುಕೊಳ್ಳುವುದಿಲ್ಲ. ಆದರೆ ಪ್ರೊಜೆಕ್ಟರಿನ ಬೆಳಕಿಗೆ ಅದು ಬೇಗ ಮಾಸುತ್ತದೆ. 1950 ಮತ್ತು 60ರ ದಶಕಗಳ ಎಕ್ಟಾಕ್ರೋಮ್ ಸ್ಲೈಡ್‌ಗಳು ಕತ್ತಲೆಯಲ್ಲಿದ್ದರೂ ಕೆಂಪಗಾಗುತ್ತಾ ಹೋಗುತ್ತವೆ. ಆದ್ದರಿಂದ ಪೆಟ್ಟಿಗೆಯಲ್ಲಿ ಎರಡೂ ಬಗೆಯವು ಇದ್ದರೆ ಎಕ್ಟಾಕ್ರೋಮ್‌ಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಯುಕ್ತ. ಫಿಲ್ಮ್‌ನ ಹೆಸರು ಸಾಮಾನ್ಯವಾಗಿ ಚೌಕಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ.

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಂತಹ ತೇವಾಂಶ ಹೆಚ್ಚಿರುವ ಪ್ರದೇಶಗಳಲ್ಲಿ ಮಾಸುವಿಕೆಯಷ್ಟೇ ಬೂಷ್ಟಿನ ಭಯವೂ ಇದೆ. ಫಿಲ್ಮ್‌ನ ಜೆಲಟಿನ್ ಪದರವೇ ಬೂಷ್ಟಿಗೆ ಆಹಾರ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಬಲ್ಲದು; ಅಂತಹ ಸ್ಲೈಡನ್ನು ನೀರಿನಿಂದ ತೊಳೆದರೆ ಚಿತ್ರವೇ ಅಳಿಸಿಹೋಗುವ ಅಪಾಯವಿದೆ.

ವಿಧಾನ

ರಬ್ಬರಿನ ಊದುಗೊಳವೆಯಿಂದ ಧೂಳನ್ನು ಹಾರಿಸುವುದು ಮೊದಲ ಕೆಲಸ. 35 ಮಿ.ಮೀ. ಚಿತ್ರದ ಅಳತೆ 24×36 ಮಿ.ಮೀ. ಮಾತ್ರ. ಇಂಚಿಗೆ 4000 ಬಿಂದುಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದಾಗ ಸುಮಾರು 2.1 ಕೋಟಿ ಪಿಕ್ಸೆಲ್‌ಗಳ ಚಿತ್ರ ದೊರೆಯುತ್ತದೆ. ಪ್ರತಿ ಬಣ್ಣಕ್ಕೆ 16 ಬಿಟ್‌ನಂತೆ, ಸಂಕುಚಿಸದ ಟಿಫ್ ರೂಪದಲ್ಲಿ ಉಳಿಸಿದರೆ ಒಂದೊಂದು ಕಡತವೂ 125 ಮೆಗಾಬೈಟ್ ದಾಟುತ್ತದೆ. ಸಾವಿರ ಸ್ಲೈಡ್‌ಗಳಿರುವ ಮನೆಯವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕಾಗುತ್ತದೆ. ಮ್ಯಾಕ್ರೋ ಲೆನ್ಸ್ ಮತ್ತು ಸಮಬೆಳಕಿನ ಫಲಕವನ್ನು ಬಳಸಿ ಕ್ಯಾಮೆರಾದಿಂದಲೇ ಪ್ರತಿ ತೆಗೆಯುವ ಕ್ರಮವೂ ಇದ್ದು, ಇದು ಸ್ಕ್ಯಾನರಿಗಿಂತ ಬಹಳ ವೇಗವಾದುದು.

ಹಲವು ಫಿಲ್ಮ್ ಸ್ಕ್ಯಾನರ್‌ಗಳು ಇನ್‌ಫ್ರಾರೆಡ್ ಕಿರಣದಿಂದ ಧೂಳು ಮತ್ತು ಗೀರುಗಳನ್ನು ಗುರುತಿಸಿ ತಾವಾಗಿಯೇ ಅಳಿಸುತ್ತವೆ. ಎಕ್ಟಾಕ್ರೋಮ್‌ನಲ್ಲಿ ಈ ಸೌಲಭ್ಯ ಚೆನ್ನಾಗಿ ನಡೆಯುತ್ತದೆ. ಕೊಡಾಕ್ರೋಮ್‌ ಈ ಕಿರಣವನ್ನು ಕೆಲಮಟ್ಟಿಗೆ ತಡೆಯುವುದರಿಂದ ಯಂತ್ರವು ಚಿತ್ರದ ಸೂಕ್ಷ್ಮ ವಿವರಗಳನ್ನೇ ಧೂಳೆಂದು ಭ್ರಮಿಸಿ ಅಳಿಸಿಬಿಡಬಹುದು. ಬೆಳ್ಳಿಯಿಂದ ರೂಪುಗೊಂಡ ಕಪ್ಪು-ಬಿಳುಪು ಫಿಲ್ಮ್‌ಗೆ ಇದು ಒಗ್ಗುವುದೇ ಇಲ್ಲ.

ವಿವರಗಳ ದಾಖಲಾತಿ

ಸ್ಲೈಡಿನ ಚೌಕಟ್ಟಿನ ಮೇಲೆ ಊರಿನ ಹೆಸರು, ಇಸವಿ, ಜೊತೆಗಿದ್ದವರ ಹೆಸರುಗಳನ್ನು ಕೈಯಲ್ಲಿ ಬರೆದಿರುವುದುಂಟು. ಸ್ಕ್ಯಾನರ್ ಚಿತ್ರವನ್ನಷ್ಟೇ ಓದುವುದರಿಂದ ಈ ಬರಹ ಕಡತದಲ್ಲಿ ಸೇರುವುದಿಲ್ಲ. ಚೌಕಟ್ಟಿನ ಎರಡೂ ಬದಿಗಳ ಪ್ರತ್ಯೇಕ ಛಾಯಾಚಿತ್ರ ತೆಗೆದಿಡುವುದು ಉತ್ತಮ ಕ್ರಮ. ಅಚ್ಚಾಗಿರುವ ತಿಂಗಳು ಮತ್ತು ವರ್ಷವು ಫಿಲ್ಮನ್ನು ಸಂಸ್ಕರಿಸಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಪ್ರವಾಸದ ದಿನಾಂಕವನ್ನಲ್ಲ. ಬೇಸಿಗೆಯಲ್ಲಿ ತೆಗೆದ ಸುರುಳಿಯು ಕ್ಯಾಮೆರಾದಲ್ಲೇ ಉಳಿದು ಚಳಿಗಾಲದ ಮುದ್ರೆ ಪಡೆದಿರುವುದು ಸಾಮಾನ್ಯ. ಬರಹವೇ ಇಲ್ಲದ ಸ್ಲೈಡ್‌ಗಳಲ್ಲಿ ವ್ಯಕ್ತಿಗಳನ್ನು ಗುರುತಿಸಬಲ್ಲವರು ಆ ಪ್ರವಾಸಕ್ಕೆ ಹೋಗಿದ್ದ ಹಿರಿಯರು ಮಾತ್ರ. ಆದ್ದರಿಂದ ಕಡಿಮೆ ಗುಣಮಟ್ಟದ ಪ್ರತಿಗಳನ್ನು ಮೊದಲು ಬೇಗನೆ ತೆಗೆದು ಅವರಿಗೆ ತೋರಿಸಿ, ಹೆಸರುಗಳನ್ನು ಬರೆದುಕೊಂಡ ನಂತರ ನಿಧಾನವಾಗಿ ಉತ್ತಮ ಸ್ಕ್ಯಾನ್ ಮಾಡುವುದು ಅನುಕೂಲಕರ.