ಸಾರಾ ಸೋಫಿಯಾ ಬ್ಯಾಂಕ್ಸಳ ಸಂಗ್ರಹ

ಚರಿತ್ರೆಯ ಸಾಮಗ್ರಿಯೆಂದರೆ ಶಿಲಾಶಾಸನ, ತಾಮ್ರಪಟ, ರಾಜರ ಆಜ್ಞಾಪತ್ರಗಳೆಂದು ಎಣಿಸುವುದು ವಿದ್ವಾಂಸರ ವಾಡಿಕೆ. ಇವು ಬಾಳಲೆಂದೇ ಹುಟ್ಟಿದವು. ಆದರೆ ಒಂದು ದಿನದ ಉಪಯೋಗಕ್ಕಾಗಿ ಅಚ್ಚಾಗಿ, ಮರುದಿನವೇ ಕಸದ ಪಾಲಾಗುವ ಕಾಗದದ ಚೂರುಗಳೂ ಒಂದು ಕಾಲದ ಜನಜೀವನಕ್ಕೆ ಸಾಕ್ಷಿಯಾಗಬಲ್ಲವು. ಅಂಥವುಗಳನ್ನು ಜೀವಮಾನವೆಲ್ಲ ಕೂಡಿಟ್ಟ ಆಂಗ್ಲ ಸ್ತ್ರೀಯೊಬ್ಬಳ ವೃತ್ತಾಂತವು ತಿಳಿಯತಕ್ಕುದಾಗಿದೆ.

ಸಾರಾ ಸೋಫಿಯಾ ಬ್ಯಾಂಕ್ಸಳು ಜನಿಸಿದುದು 1744ರಲ್ಲಿ. ಕ್ಯಾಪ್ಟನ್ ಕುಕ್ಕನೊಡನೆ ಭೂಪ್ರದಕ್ಷಿಣೆ ಮಾಡಿ ಬಂದ ಸಸ್ಯಶಾಸ್ತ್ರಜ್ಞ ಸರ್ ಜೋಸೆಫ್ ಬ್ಯಾಂಕ್ಸನು ಈಕೆಯ ಅಣ್ಣ. ಆತನು 1778ರಿಂದ 1820ರ ವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದನು. ಅವಿವಾಹಿತೆಯಾದ ತಂಗಿಯು ಲಂಡನ್ನಿನ ಸೋಹೋ ಚೌಕದ ಮನೆಯಲ್ಲಿ ಅಣ್ಣ ಅತ್ತಿಗೆಯರೊಡನೆ ವಾಸವಾಗಿದ್ದಳು. ದೇಶದೇಶಗಳ ಪಂಡಿತರು ಆ ಮನೆಗೆ ಬಂದು ಹೋಗುತ್ತಿದ್ದರು. ಆದರೆ ಅವರ ಸಭೆಯಲ್ಲಿ ಸ್ತ್ರೀಯರಿಗೆ ಸದಸ್ಯತ್ವವಿರಲಿಲ್ಲ. ಅದು ದೊರೆತುದು 1945ರಲ್ಲಿ. ಅಣ್ಣನು ಸಸ್ಯಗಳನ್ನು ಕೂಡಿಟ್ಟರೆ ತಂಗಿಯು ಮನುಷ್ಯರ ವ್ಯವಹಾರದಿಂದ ಉದುರಿದ ಎಲೆಗಳನ್ನು ಆಯ್ದಳು.

ಭೇಟಿಯ ಚೀಟಿ, ನಾಟಕ ಸಂಗೀತಗಳ ಪ್ರವೇಶಪತ್ರ, ಅಂಗಡಿಗಳ ಜಾಹೀರಾತು, ಬೀದಿಯಲ್ಲಿ ಹಂಚಿದ ಕರಪತ್ರ, ವೃತ್ತಪತ್ರಿಕೆಯ ತುಣುಕು, ಇವೆಲ್ಲ ಸೇರಿ ಸುಮಾರು 20,000. ಇವಲ್ಲದೆ 9,000ಕ್ಕೆ ಮೇಲ್ಪಟ್ಟು ನಾಣ್ಯ, ಪದಕ, ಬಿಲ್ಲೆಗಳು. ಬಿಲ್ಲುವಿದ್ಯೆಯಲ್ಲಿಯೂ ವೀರಪದವಿಗಳ ಪದ್ಧತಿಯಲ್ಲಿಯೂ ಆಕೆಗೆ ವಿಶೇಷ ಆಸಕ್ತಿ. 1783ರಲ್ಲಿ ಫ್ರಾನ್ಸಿನಲ್ಲಿ ಮನುಷ್ಯನು ಬೆಲೂನಿನಲ್ಲಿ ಆಕಾಶವನ್ನೇರಿದನು; 1784ನೆಯ ಸೆಪ್ಟೆಂಬರ್ 15ರಂದು ಲುನಾರ್ದಿಯೆಂಬ ಇಟಲಿಯವನು ಲಂಡನ್ನಿನಲ್ಲಿ ಹಾರಿದನು. ಆ ವ್ಯೋಮಯಾನದ ಸಂಭ್ರಮಕ್ಕೆ ಸಂಬಂಧಿಸಿದ ಚಿತ್ರಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಆಕೆ ಒಂದು ದೊಡ್ಡ ಪುಸ್ತಕದಲ್ಲಿ ಅಂಟಿಸಿದಳು. ಸರಕಾರದ ತಾಮ್ರನಾಣ್ಯ ಸಾಲದೆ 1787ರಿಂದ ವರ್ತಕರೂ ಗಣಿಯವರೂ ತಮ್ಮದೇ ಬಿಲ್ಲೆಗಳನ್ನು ಹೊರಡಿಸಿದಾಗ, ಅವನ್ನೂ ಬಿಡದೆ ಕೂಡಿಟ್ಟಳು.

ಇದು ಬರಿಯ ಚಪಲವಾಗಿರಲಿಲ್ಲ. ವಸ್ತುಗಳನ್ನು ದೇಶಾನುಸಾರವಾಗಿಯೂ ವಿಷಯಾನುಸಾರವಾಗಿಯೂ ವಿಂಗಡಿಸಿ, ಹಲವುದರ ಮೇಲೆ ಬಂದ ದಿನವನ್ನೂ ಕೊಟ್ಟವರ ಹೆಸರನ್ನೂ ಸ್ವಹಸ್ತದಿಂದ ಗುರುತಿಸಿದಳು. ಶಾಸ್ತ್ರವನ್ನು ಸಂಗ್ರಹದಿಂದ ಬೇರ್ಪಡಿಸುವುದು ಈ ಕ್ರಮಬುದ್ಧಿಯೇ ಅಲ್ಲವೆ? ಆದರೂ ಲೋಕವು ನಕ್ಕಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಚಿತ್ರಶಾಲೆಯ ಅಧಿಕಾರಿಯಾಗಿದ್ದ ಜಾನ್ ಥಾಮಸ್ ಸ್ಮಿತ್ತನ ನೆನಪಿನ ಪುಸ್ತಕವು ಆತನ ಮರಣಾನಂತರ 1845ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಕೆಯ ಹಳೆಯ ಮಾದರಿಯ ಉಡುಪೂ ಪುಸ್ತಕಗಳನ್ನು ತುರುಕಿದ ದೊಡ್ಡ ಜೇಬುಗಳೂ ಪರಿಹಾಸಕ್ಕೆ ಗುರಿಯಾಗಿವೆ. ಅಣ್ಣನಲ್ಲಿ ಜ್ಞಾನದಾಹವೆನಿಸಿದುದು ತಂಗಿಯಲ್ಲಿ ಹುಚ್ಚೆನಿಸಿತು.

1818ರಲ್ಲಿ ಆಕೆಯು ಕಾಲವಾದ ಮೇಲೆ ಸಂಗ್ರಹವು ಮ್ಯೂಸಿಯಮ್ಮಿಗೆ ಸಂದಿತು. ಅಲ್ಲಿ ಚಿತ್ರಗಳು ಚಿತ್ರವಿಭಾಗಕ್ಕೂ ನಾಣ್ಯಗಳು ನಾಣ್ಯವಿಭಾಗಕ್ಕೂ ಪುಸ್ತಕಗಳು ಗ್ರಂಥಾಲಯಕ್ಕೂ ಹಂಚಿಹೋದವು. ನಾಣ್ಯಗಳಲ್ಲೊಂದು ಭಾಗವು ರಾಯಲ್ ಮಿಂಟಿಗೆ ಸೇರಿತು. ಗ್ರಂಥಾಲಯದ ಭಾಗವು 1973ರಿಂದ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಸ್ತುಗಳು ಉಳಿದವು, ಆದರೆ ಬೆಲೂನಿನ ಚಿತ್ರವನ್ನೂ ವರ್ತಕನ ಬಿಲ್ಲೆಯನ್ನೂ ಒಂದೇ ಕುತೂಹಲದಿಂದ ಕಂಡ ಮನಸ್ಸು ಚದರಿಹೋಯಿತು. ಹಾರ ಹರಿದರೆ ಮುತ್ತು ನಾಶವಾಗದು, ಪೋಣಿಸಿದವಳ ಕೈ ಮಾತ್ರ ಕಾಣದು. ಇತ್ತೀಚಿನ ದಶಕಗಳಲ್ಲಿ ವಿದ್ವಾಂಸರು ಈ ಭಾಗಗಳನ್ನು ಒಟ್ಟಿಗಿಟ್ಟು ನೋಡಿ, ಆಕೆಯ ಸ್ಥಾನವನ್ನು ಗುರುತಿಸತೊಡಗಿದ್ದಾರೆ.

ಯಾವ ಮನೆಯಲ್ಲಾದರೂ ಹೆಣ್ಣುಮಕ್ಕಳ ಪೆಟ್ಟಿಗೆಯ ತಳದಲ್ಲಿ ಇಂಥ ಕಾಗದಗಳು ಇರುವುದುಂಟು. ಕಸವೆಂದು ಒಲೆಗಿಡುವ ಮುನ್ನ, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟಿದ್ದಾರೆಂಬುದನ್ನು ಮನೆಯವರು ಗಮನಿಸುವುದು ಯುಕ್ತ. ಆ ಅನುಕ್ರಮವೂ ಒಂದು ಬರಹವೇ.