ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ

ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯು ಭಾರತದಲ್ಲಿ ಉದ್ಯೋಗ ಮತ್ತು ನಿರುದ್ಯೋಗಗಳ ಸ್ಥಿತಿಯನ್ನು ಅಂದಾಜು ಮಾಡುವ ಅಧಿಕೃತ ಮಾದರಿ ಸಮೀಕ್ಷೆಯಾಗಿದೆ. ಪಿ.ಎಲ್.ಎಫ್.ಎಸ್. ಎಂಬ ಸಂಕ್ಷಿಪ್ತ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ಇದನ್ನು ನಡೆಸುತ್ತದೆ.

ಇತಿಹಾಸ

ದಾಂತ್‌ವಾಲಾ ಸಮಿತಿಯ 1970ರ ವರದಿಯನ್ನು ಆಧರಿಸಿ, 1972-73ರಲ್ಲಿ ವಿಸ್ತೃತ ಉದ್ಯೋಗ ಸಮೀಕ್ಷೆಗಳು ಆರಂಭವಾದವು. ಅವು ಸುಮಾರು ಐದು ವರ್ಷಗಳಿಗೊಮ್ಮೆ ನಡೆಯುತ್ತಿದ್ದವು. ಆ ಸರಣಿಯ ಕೊನೆಯ ಸಮೀಕ್ಷೆ 2011-12ರದು. ಅಂಕಿಅಂಶಗಳು ಹೆಚ್ಚು ಬೇಗನೆ ದೊರೆಯಬೇಕೆಂಬ ಉದ್ದೇಶದಿಂದ 2017ರ ಏಪ್ರಿಲ್‌ನಲ್ಲಿ ಈಗಿನ ಸಮೀಕ್ಷೆ ಪ್ರಾರಂಭವಾಯಿತು. ಮೊದಲ ವಾರ್ಷಿಕ ವರದಿಯು 2019ರ ಮೇ 31ರಂದು ಪ್ರಕಟವಾಯಿತು. 2025ರಿಂದ ಮಾಸಿಕ ಅಂದಾಜುಗಳೂ ಹೊರಬರುತ್ತಿವೆ.

ಮುಖ್ಯ ಪರಿಕಲ್ಪನೆಗಳು

* ಕಾರ್ಮಿಕ ಬಲ: ಕೆಲಸ ಮಾಡುತ್ತಿರುವವರು ಹಾಗೂ ಕೆಲಸ ಅರಸುತ್ತಿರುವ ಅಥವಾ ಕೆಲಸಕ್ಕೆ ಸಿದ್ಧರಿರುವವರ ಒಟ್ಟು ಸಂಖ್ಯೆ. ಓದಿನಲ್ಲಷ್ಟೇ ತೊಡಗಿರುವ ವಿದ್ಯಾರ್ಥಿಗಳು, ಮನೆಗೆಲಸವನ್ನು ಮಾತ್ರ ಮಾಡುವವರು ಇದರಲ್ಲಿ ಸೇರುವುದಿಲ್ಲ.
* ನಿರುದ್ಯೋಗ ದರ: ಕಾರ್ಮಿಕ ಬಲದಲ್ಲಿ ಕೆಲಸವಿಲ್ಲದವರ ಶೇಕಡಾವಾರು ಪ್ರಮಾಣ. ಇದನ್ನು ಇಡೀ ಜನಸಂಖ್ಯೆಗೆ ಹೋಲಿಸಿ ಲೆಕ್ಕ ಹಾಕುವುದಿಲ್ಲ.
* ಸಾಮಾನ್ಯ ಸ್ಥಿತಿ: ಹಿಂದಿನ 365 ದಿನಗಳನ್ನು ಆಧರಿಸಿದ ಅಳತೆ. 30 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲದ ಉಪ ಉದ್ಯೋಗವೂ ಇಲ್ಲಿ ಪರಿಗಣನೆಗೆ ಬರುತ್ತದೆ.
* ಪ್ರಚಲಿತ ವಾರದ ಸ್ಥಿತಿ: ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ 1 ಗಂಟೆ ದುಡಿದವರನ್ನು ಉದ್ಯೋಗಸ್ಥರೆಂದು ಎಣಿಸುವ ಅಳತೆ.

ಪ್ರಮುಖ ಅಂಕಿಗಳು

15 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸಾಮಾನ್ಯ ಸ್ಥಿತಿಯ ನಿರುದ್ಯೋಗ ದರವು 2017-18ರಲ್ಲಿ ಶೇ. 6.0 ಇದ್ದು, 2023-24ರಲ್ಲಿ ಶೇ. 3.2ಕ್ಕೆ ಇಳಿಯಿತು. ಪ್ರಚಲಿತ ವಾರದ ಸ್ಥಿತಿಯ ಪ್ರಕಾರ 2023-24ರ ದರ ಶೇ. 4.9. ಒಂದೇ ವರ್ಷಕ್ಕೆ ಎರಡು ದರಗಳಿರುವುದರಿಂದ, ಯಾವುದೇ ಹೋಲಿಕೆಗೆ ಮುನ್ನ ಅಳತೆ ಯಾವುದೆಂದು ಗಮನಿಸುವುದು ಅಗತ್ಯ. ಇದೇ ಅವಧಿಯಲ್ಲಿ ಮಹಿಳೆಯರ ಕಾರ್ಮಿಕ ಬಲ ಭಾಗವಹಿಸುವಿಕೆಯ ದರವು ಶೇ. 23.3ರಿಂದ ಶೇ. 41.7ಕ್ಕೆ ಏರಿತು.

ಆರ್ಥಿಕ ಸೂಚಕವಾಗಿ

ನಿರುದ್ಯೋಗ ದರದ ಇಳಿಕೆಯೊಂದೇ ಆರ್ಥಿಕ ಸುಸ್ಥಿತಿಯ ಪುರಾವೆಯಾಗದು. ಉದಾಹರಣೆಗೆ, ಒಂದು ಊರಿನಲ್ಲಿ 50 ಮಂದಿ ಕೆಲಸದಲ್ಲಿದ್ದು 10 ಮಂದಿ ಕೆಲಸ ಹುಡುಕುತ್ತಿದ್ದರೆ ನಿರುದ್ಯೋಗ ದರ ಸುಮಾರು ಶೇ. 16.7. ಅವರಲ್ಲಿ 5 ಮಂದಿ ನಿರಾಶರಾಗಿ ಹುಡುಕುವುದನ್ನೇ ಕೈಬಿಟ್ಟರೆ ದರ ಶೇ. 9.1ಕ್ಕೆ ಇಳಿಯುತ್ತದೆ, ಆದರೆ ಹೊಸದಾಗಿ ಒಂದು ಕೆಲಸವೂ ಸೃಷ್ಟಿಯಾಗಿರುವುದಿಲ್ಲ. ಆದುದರಿಂದ ಈ ದರವನ್ನು ಭಾಗವಹಿಸುವಿಕೆಯ ದರದೊಡನೆ ಇಟ್ಟು ಓದಬೇಕಾಗುತ್ತದೆ.

ಕೆಲಸದ ಸ್ವರೂಪವೂ ಅಷ್ಟೇ ಮುಖ್ಯ. 2017-18 ಮತ್ತು 2023-24ರ ನಡುವೆ ಒಟ್ಟು ಕೆಲಸಗಾರರಲ್ಲಿ ಸ್ವಯಂ ಉದ್ಯೋಗಿಗಳ ಪಾಲು ಶೇ. 52.2ರಿಂದ ಶೇ. 58.4ಕ್ಕೆ ಹೆಚ್ಚಿತು, ನಿಯಮಿತ ಸಂಬಳದಾರರ ಪಾಲು ಶೇ. 22.8ರಿಂದ ಶೇ. 21.7ಕ್ಕೆ ಕುಗ್ಗಿತು. ಕುಟುಂಬದ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಸಂಬಳವಿಲ್ಲದೆ ದುಡಿಯುವವರನ್ನೂ ಸಮೀಕ್ಷೆಯು ಸ್ವಯಂ ಉದ್ಯೋಗಿಗಳ ವರ್ಗದಲ್ಲಿಯೇ ಸೇರಿಸುತ್ತದೆ. ಇಂತಹವರ ಪಾಲು ಶೇ. 13.6ರಿಂದ ಶೇ. 19.4ಕ್ಕೆ ಏರಿತು. ಕೃಷಿಯನ್ನು ಅವಲಂಬಿಸಿದವರ ಪಾಲೂ ಶೇ. 44.1ರಿಂದ ಶೇ. 46.1ಕ್ಕೆ ಏರಿತು.

ಉಳಿತಾಯವಿಲ್ಲದ ಬಡವರು ಬಹುಕಾಲ ಕೆಲಸವಿಲ್ಲದೆ ಇರಲಾರರು. ದೊರೆತ ಕೆಲಸವನ್ನು ಒಪ್ಪಿಕೊಳ್ಳುವುದು ಅವರಿಗೆ ಅನಿವಾರ್ಯ. ಉತ್ತಮ ಉದ್ಯೋಗಕ್ಕಾಗಿ ಕಾಯುವುದು ಮನೆಯ ಆಸರೆಯುಳ್ಳ ವಿದ್ಯಾವಂತ ಯುವಜನರಿಗೆ ಹೆಚ್ಚಾಗಿ ಸಾಧ್ಯ. ಹೀಗಾಗಿ ಬಡತನವಿರುವಲ್ಲಿಯೂ ನಿರುದ್ಯೋಗ ದರ ಕಡಿಮೆಯಿರಬಹುದು. 2023-24ರಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ ದರ ಶೇ. 10.2ರಷ್ಟಿದ್ದು, ಒಟ್ಟಾರೆ ದರದ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು.